ಗುಂಡು ನಿಂತಾಗ ಕೇಳುವ ಸಾಲು

ಬೀದಿಯವರೆಲ್ಲ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಮೂರು ಕೀಬೋರ್ಡು ಇಟ್ಟುಕೊಂಡು ಹತ್ತೊಂಬತ್ತು ವರ್ಷದಿಂದ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ತಪ್ಪಾದರೆ ಬೈಯುತ್ತಿರಲಿಲ್ಲ, ಪೆನ್ಸಿಲಿನಿಂದ ಮೇಜನ್ನು ಎರಡು ಸಲ ತಟ್ಟುತ್ತಿದ್ದಳು, ಅಷ್ಟೇ. ವರ್ಷಕ್ಕೊಮ್ಮೆ ಗ್ರಂಥಾಲಯದ ಸಭಾಂಗಣದಲ್ಲಿ ಸಂಗೀತದ ಸಂಜೆ ನಡೆಯುತ್ತಿತ್ತು. ಅದರ ಕೊನೆಯ ಸರದಿ ಯಾವಾಗಲೂ ಅವಳದೇ.

ಈ ವರ್ಷ ಗ್ರಂಥಪಾಲಕರು ಬಾಗಿಲಲ್ಲೇ ನಿಂತು, ಕೊನೆಗೆ ನಿಮ್ಮ ತಂಗಿಯವರು ಬಾರಿಸಲಿ ಅಂತ ಮಕ್ಕಳ ಆಸೆ, ನೀವು ಬೇಕಾದರೆ ಮೊದಲಿಗೆ ಬಾರಿಸಿ ಎಂದು ಹೇಳಿ ಹೋದರು. ಅದಕ್ಕೇನಂತೆ, ನಮ್ಮ ಹುಡುಗಿ ತಾನೆ ಎಂದು ಟೀಚರ್ ನಕ್ಕಳು. ಬಾಗಿಲು ಹಾಕಿದ ಮೇಲೆ ಹೊಟ್ಟೆಯೊಳಗೆ ಯಾರೋ ಒಣಮೆಣಸಿನಕಾಯಿ ಹುರಿದಂತಾಯಿತು.

ತಂಗಿ ಇದ್ದದ್ದು ಮೇಲಿನ ಮನೆಯಲ್ಲಿ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಎಲ್ಲಿಂದಲೋ ಒಂದು ಹಳೇ ವಿಡಿಯೋ ಗೇಮ್ ಯಂತ್ರ ತಂದಿದ್ದಳು. ವಿಮಾನ ಹಾರಿಸುತ್ತ ವೈರಿಗಳಿಗೆ ಗುಂಡು ಹೊಡೆಯುವ ಆಟ. ಒಂದೇ ಒಂದು ಏಟು ಬಿದ್ದರೂ ಮತ್ತೆ ಮೊದಲಿಂದ. ಆ ಆಟದ ಹಿನ್ನೆಲೆ ಸಂಗೀತವನ್ನು ಅವಳು ಅಕ್ಕ ಕೊಟ್ಟ ಹಳೇ ಕೀಬೋರ್ಡಿನಲ್ಲಿ ಬಾರಿಸಿ ಮೊಬೈಲಿನಲ್ಲಿ ಹಾಕುತ್ತಿದ್ದಳು. ಬೇರೆಯವರು ಬಾರಿಸಿದ್ದನ್ನು ಕೇಳುವುದಿಲ್ಲ, ತಾನು ಆಡಿ ಮುಟ್ಟಿದ ಹಂತದ ಹಾಡನ್ನಷ್ಟೇ ಬಾರಿಸುವುದು ಎಂಬ ಹಟ ಬೇರೆ. ಮೂರನೇ ಹಂತದ ಹಾಡನ್ನು ಸಾವಿರಾರು ಜನ ಕೇಳಿದರು. ಅದರ ನಡುವೆ ಒಂದು ಕಡೆ ಎಡಗೈ ಸುಮ್ಮನಾಗುತ್ತಿತ್ತು. ಆ ಮೌನವೇ ಹಾಡಿನ ಜೀವ ಎಂದು ಯಾರೋ ಬರೆದಿದ್ದರು. ಬೆರಳು ಹಿಡಿದು ಕಲಿಸಿದವಳು ಕೆಳಗಿನ ಮನೆಯಲ್ಲಿದ್ದಾಳೆಂದು ಯಾರೂ ಬರೆದಿರಲಿಲ್ಲ.

ಟೀಚರ್ ಒಂದು ಲೆಕ್ಕ ಹಾಕಿದಳು. ಅದೇ ಹಾಡನ್ನು ತಾನೂ ಆಟ ಆಡಿ ಮೂಲದಿಂದಲೇ ಕಲಿತು, ತಂಗಿಗಿಂತ ಚೆನ್ನಾಗಿ, ಸಂಜೆಯ ಮೊದಲಿಗೇ ಬಾರಿಸಿಬಿಡಬೇಕು. ಆಮೇಲೆ ಕೊನೆಯಲ್ಲಿ ಅವಳೇನು ಬಾರಿಸುತ್ತಾಳೋ ನೋಡೋಣ.

ಮರುದಿನ ಬೆಳಿಗ್ಗೆ, ತಂಗಿ ಕೆಲಸಕ್ಕೆ ಹೋದ ಮೇಲೆ, ತನ್ನಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ಮೇಲಿನ ಮನೆ ತೆಗೆದಳು. ಮೊದಲ ಆಟ ಹನ್ನೊಂದು ಸೆಕೆಂಡಿಗೆ ಮುಗಿಯಿತು. ಎರಡನೆಯದು ಒಂಬತ್ತಕ್ಕೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಟೀಚರ್ ಗುಂಡಿ ಸರಿಯಿಲ್ಲ, ಟಿವಿ ಸರಿಯಿಲ್ಲ ಎಂದು ಒಬ್ಬಳೇ ಬೈದುಕೊಂಡಳು. ಒಂದು ವಾರ ಕಳೆಯುವಷ್ಟರಲ್ಲಿ ಬೈಗುಳ ನಿಂತಿತು. ಗುಂಡುಗಳು ಮನಬಂದಂತೆ ಬರುವುದಿಲ್ಲ, ಅವಕ್ಕೂ ಒಂದು ತಾಳವಿದೆ ಎಂದು ಅವಳ ಕಿವಿಗೆ ತಿಳಿದುಹೋಗಿತ್ತು. ಸತ್ತಾಗ ಸಿಟ್ಟಿನ ಬದಲು, ಎಲ್ಲಿ ತಪ್ಪಿದೆ ಎಂದು ಮೇಜು ತಟ್ಟುವಂತಾಯಿತು. ಬೆಳಗಾದರೆ ಕಾಲು ತಾನಾಗಿ ಮೆಟ್ಟಿಲು ಹತ್ತುತ್ತಿತ್ತು.

ಮೂರನೇ ವಾರ ಮೂರನೇ ಹಂತ ಸಿಕ್ಕಿತು. ಅಷ್ಟರಲ್ಲಿ ಹೆಬ್ಬೆರಳು ಸೆಟೆದುಕೊಂಡಿತ್ತು. ಗುಂಡು ಹೊಡೆಯುವ ಗುಂಡಿ ಬಿಟ್ಟು, ಬರೀ ತಪ್ಪಿಸಿಕೊಳ್ಳುತ್ತ ಹೋದಳು. ಆಗ ಕೆಳಸ್ವರದಲ್ಲಿ ಒಂದು ಹೊಸ ಸಾಲು ಕೇಳಿತು. ಗುಂಡಿ ಒತ್ತಿದಳು, ಸಾಲು ಮಾಯ. ಬಿಟ್ಟಳು, ಮತ್ತೆ ಬಂತು. ಆ ಯಂತ್ರಕ್ಕೆ ಸದ್ದು ಹೊರಡಿಸಲು ಇದ್ದದ್ದೇ ಮೂರೋ ನಾಲ್ಕೋ ಗಂಟಲು; ಗುಂಡಿನ ಸದ್ದು ಬೇಕಾದಾಗ ಒಂದು ಗಂಟಲು ಹಾಡು ಬಿಟ್ಟು ಅತ್ತ ಓಡುತ್ತಿತ್ತು. ತಂಗಿ ಮೌನ ಇಟ್ಟಿದ್ದ ಜಾಗವೇ ಅದು. ಟೀಚರಿಗೆ ಸ್ವರ್ಗ ಮೂರೇ ಗೇಣು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ಸಾಲನ್ನು ಒಂದು ವಾರ ಗುಟ್ಟಾಗಿ ತಿದ್ದಿದಳು.

ಸಂಗೀತದ ಸಂಜೆಗೆ ಎರಡು ದಿನ ಇರುವಾಗ ತಂಗಿ ಕೆಳಗಿಳಿದು ಬಂದಳು. ಚಿಕ್ಕಂದಿನಂತೆಯೇ ಕೀಬೋರ್ಡಿನ ಮುಂದೆ ಕೂತು, "ಸ್ವಲ್ಪ ಕೇಳಕ್ಕಾ, ತಪ್ಪಿದ್ರೆ ತಟ್ಟು" ಅಂದಳು.

ತುಟಿ ಪಿಟ್ಟೆನ್ನಬಾರದು ಎಂದು ಟೀಚರ್ ನಿರ್ಧರಿಸಿಯೇ ಕೂತಳು. ತಂಗಿ ಚೆನ್ನಾಗಿ ಬಾರಿಸಿದಳು, ಹಾಳಾದವಳು ತುಂಬ ಚೆನ್ನಾಗಿ ಬಾರಿಸಿದಳು. ಮೌನದ ಜಾಗ ಬಂತು. ಪೆನ್ಸಿಲು ಎರಡು ಸಲ ತಟ್ಟಿತು. ಹತ್ತೊಂಬತ್ತು ವರ್ಷ ಪಾಠ ಹೇಳಿದ ಕೈ, ಯಜಮಾನಿಯ ಹೊಟ್ಟೆಕಿಚ್ಚಿನ ಮಾತು ಕೇಳಲಿಲ್ಲ.

"ಎಲ್ಲಿ?"

"ಇಲ್ಲೊಂದು ಸಾಲು ಬಿಟ್ಟಿದ್ದೀಯ."

"ಇಲ್ಲೇನೂ ಇಲ್ಲ ಕಣಕ್ಕಾ. ಸಾವಿರ ಸಲ ಆಡಿದ್ದೀನಿ."

"ಸಾವಿರ ಸಲಾನೂ ಗುಂಡಿ ಒತ್ಕೊಂಡೇ ಇದ್ದೆ. ಬಿಟ್ಟು ಕೇಳು."

ತಂಗಿ ನಿಧಾನವಾಗಿ ಅಕ್ಕನ ಕಡೆ ತಿರುಗಿದಳು. "ಊಟಕ್ಕೆ ಬಂದಾಗೆಲ್ಲ ಯಂತ್ರ ಬೆಚ್ಚಗಿರ್ತಿತ್ತು. ಬೆಕ್ಕು ಮಲಗಿ ಹೋಗಿದೆ ಅಂದ್ಕೊಂಡಿದ್ದೆ."

"ಬೆಕ್ಕು ಮೂರನೇ ಹಂತಕ್ಕೆ ಬಂದಿದೆ."

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಟೀಚರ್ ಕೈ ಚಾಚಿ ಆ ಸಾಲನ್ನು ಬಾರಿಸಿದಳು. ತಂಗಿಯ ಮುಖ ಮೊದಲು ಅರಳಿತು, ಆಮೇಲೆ ಬಿಗಿಯಿತು. ಆ ಬಿಗಿತ ಟೀಚರಿಗೆ ಚೆನ್ನಾಗಿ ಗೊತ್ತು. ಒಂದು ತಿಂಗಳಿಂದ ಕನ್ನಡಿಯಲ್ಲಿ ನೋಡಿದ್ದೇ.

ತಂಗಿ ಆ ಸಾಲನ್ನು ಕಲಿಸಿಕೊಡು ಎನ್ನಲಿಲ್ಲ. ಕೊನೆಯ ಸರದಿಯನ್ನು ಬಿಟ್ಟುಕೊಡುವುದಿಲ್ಲ, ಆದರೆ ಕೆಳಸ್ವರಕ್ಕೆ ನೀನೇ ಬಾ ಎಂದಳು. ಟೀಚರ್ ಬಿಂಕ ಮಾಡಲು ನೋಡಿ, ಅರ್ಧದಲ್ಲೇ ಒಪ್ಪಿಕೊಂಡಳು.

ಸಂಗೀತದ ಸಂಜೆಯ ಕೊನೆಯಲ್ಲಿ ಇಬ್ಬರೂ ಕೂತರು. ಗ್ರಂಥಪಾಲಕರು ತಂಗಿಯ ಹೆಸರನ್ನು ಮೊದಲು ಹೇಳಿದ್ದು ಟೀಚರಿಗೆ ಚುಚ್ಚಿತು. ಮೌನದ ಜಾಗದಲ್ಲಿ ಅವಳ ಸಾಲು ಎದ್ದಾಗ ಮುಂದಿನ ಸಾಲಿನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚುಚ್ಚಿದ್ದು ಸ್ವಲ್ಪ ಕಡಿಮೆಯಾಯಿತು.

ಮನೆಗೆ ಬಂದು ಮೆಟ್ಟಿಲ ಬಳಿ ನಿಂತಾಗ ತಂಗಿ ಕೈ ಚಾಚಿದಳು.

"ಆ ಬೀಗದ ಕೈ ಇತ್ತ ಕೊಡಕ್ಕಾ. ನಾಲ್ಕನೇ ಹಂತದ ಹಾಡನ್ನ ಮೊದಲು ನಾನು ಕೇಳ್ಬೇಕು."

ಟೀಚರ್ ಕೊಟ್ಟಳು. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಹೊಟ್ಟೆ ತಣ್ಣಗಿತ್ತು.