ಜಾಲಿಗೆ ಹೊಡೆದ ಔಷಧಿ

ಎಂಬತ್ತರ ದಶಕದಲ್ಲಿ ನಮ್ಮ ಕೃಷಿ ಇಲಾಖೆಯ ಕಚೇರಿಗೆ ಉಪಗ್ರಹ ತೆಗೆದ ಶಿರಾ ಸೀಮೆಯ ಫೋಟೊ ಬಂತು. ಅಂಥ ಫೋಟೊದಲ್ಲಿ ಗಿಡಮರದ ಹಸಿರೆಲ್ಲ ಕೆಂಪಾಗಿ ಕಾಣುತ್ತದೆ. ಕೆಂಪಿದ್ದಲ್ಲೆಲ್ಲ ಕಡಲೆಕಾಯಿ ಬೆಳೆ ಎಂದು ಗುರುತು ಹಾಕಿ, ಅಷ್ಟಕ್ಕೆ ಹುಳದ ಔಷಧಿ ಎಷ್ಟು ಬಿದ್ದಿರಬಹುದೆಂದು ಅಂದಾಜು ಕಟ್ಟುವುದು ನನ್ನ ಕೆಲಸ.

ಗೌಡಗೆರೆ ಹತ್ತಿರ ಒಂದು ಕಡೆ ಗಾಢ ಕೆಂಪಿತ್ತು. ಹೋಗಿ ನೋಡಿದರೆ, ಬತ್ತಿದ ಕೆರೆಯ ತುಂಬ ತಾನಾಗಿ ಹಬ್ಬಿದ ಬಳ್ಳಾರಿ ಜಾಲಿಯ ಮುಳ್ಳುಪೊದೆ. ಕೇಳಲೇಬೇಕೆಂಬ ನಿಯಮವಿದ್ದುದರಿಂದ, ಇದಕ್ಕೆ ಔಷಧಿ ಹೊಡೆಯುತ್ತೀರಾ ಎಂದು ಅಲ್ಲಿ ಕುರಿ ಕಾಯುತ್ತಿದ್ದವನನ್ನು ಕೇಳಿದೆ.

"ಜಾಲಿಗಾ? ನಮಗೇನ್ ತಲೆ ಕೆಟ್ಟೈತಾ ಸ್ವಾಮಿ?" ಎಂದ.

ಅಲ್ಲಿರುವುದು ಕಡಲೆಕಾಯಿಯಲ್ಲ, ಜಾಲಿ ಎಂದು ಕಚೇರಿಗೆ ಬಂದು ನಮ್ಮ ಸಾಹೇಬರಿಗೆ ಹೇಳಿದೆ. "ಅಂದಾಜು ಮೇಲಕ್ಕೆ ಹೋಗಿಯಾಯ್ತು ಕಣ್ರೀ, ಸುಮ್ಮನಿರಿ," ಎಂದರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ವರ್ಷ ಮತ್ತೆ ಹೋದೆ. ಜಾಲಿಗೆ ಒಂದು ಹುಳವೂ ಬಿದ್ದಿರಲಿಲ್ಲ. ಔಷಧಿ ಚೆನ್ನಾಗಿ ಕೆಲಸ ಮಾಡಿದೆ ಎಂದು ವರದಿ ಬರೆದುಕೊಟ್ಟೆ. ಸಾಹೇಬರು ಪೂರ್ತಿ ಓದಿ ಸಹಿ ಹಾಕಿದರು.