ನಾನು ಕಳಚಿಸಿದ ಮೂಗುತಿ

ಕಳೆದ ಬುಧವಾರ ಮಿಷನ್ ಬಂಗಲೆಯ ಜವಾನ ಒಂದು ಪೊಟ್ಟಣ ತಂದುಕೊಟ್ಟ. ಹಳೆಯ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿತ್ತು. ಬಿಚ್ಚಿದರೆ ಕರ್ಪೂರದ ವಾಸನೆ. ಒಳಗೆ ಅಂಗೈಯಗಲದ ಎರಡು ಗಾಜಿನ ಚಿತ್ರ, ಜೊತೆಗೆ ಹೊಸ ದೊರೆಸಾನಿಯ ಚೀಟಿ. ಅಟ್ಟ ಗುಡಿಸುವಾಗ ಲಾಂದ್ರದಲ್ಲಿಟ್ಟು ಪರದೆಯ ಮೇಲೆ ತೋರಿಸುವ ಹಳೆಯ ಚಿತ್ರಗಳು ಸಿಕ್ಕವಂತೆ, ಸಭೆಯವರಿಗೆ ಮತ್ತೆ ತೋರಿಸಬೇಕಂತೆ, ಅಡಿಬರಹವನ್ನು ನಾನು ಒಳ್ಳೆಯ ಕನ್ನಡಕ್ಕೆ ತಿರುಗಿಸಿ ಕೊಡಬೇಕಂತೆ. ಮಿಷನ್ ಶಾಲೆಯಲ್ಲಿ ಕೂದಲು ಹಣ್ಣಾಗುವವರೆಗೆ ಪಾಠ ಹೇಳಿದವಳಿಗೆ ಇಂಥ ಬಿಟ್ಟಿ ಕೆಲಸ ಹೊಸದಲ್ಲ. ಕನ್ನಡಕ ಹಾಕಿಕೊಂಡು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕೆಳಗೆ ಅವರ ಭಾಷೆಯಲ್ಲಿ 'ಅಜ್ಞಾನಿ ಹೆಂಗಸು' ಎಂದು ಬರೆದಿತ್ತು. ಆ ಹೆಂಗಸು ನನ್ನ ಅವ್ವೆ. ನೀಲಗಿರಿಯ ನಮ್ಮ ಬಡಗರಲ್ಲಿ ತಾಯಿಯನ್ನು ಹಾಗೆ ಕರೆಯುತ್ತೇವೆ.

ವಯಸ್ಸಾದ ಮೇಲೆ ಸಿಟ್ಟು ತಾನಾಗಿ ಇಳಿಯುತ್ತದೆ ಎಂದು ಹೇಳಿದವರು ಯಾರೋ, ಸಿಕ್ಕರೆ ಎರಡು ಮಾತು ಕೇಳಬೇಕಾಗಿದೆ. ನನ್ನದು ಇಳಿದಿಲ್ಲ. ಮೊದಲು ಮೂಗಿನ ತುದಿಯಲ್ಲಿತ್ತು, ಈಗ ಎದೆಯೊಳಗೆ ಮನೆ ಕಟ್ಟಿಕೊಂಡು ಕೂತಿದೆ. ಆದರೂ ನ್ಯಾಯವಾಗಿ ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ಕೃತಘ್ನೆ ಎನ್ನಬಾರದು. ಇದನ್ನು ಬರೆಯುತ್ತಿರುವ ಕೈಗೆ ಅಕ್ಷರ ಕಲಿಸಿದವರು ಅವರೇ. ನಾನು ಮರೆತಿಲ್ಲ. ಮರೆಯಲು ಅವರು ಬಿಡುವುದೂ ಇಲ್ಲ. ವರ್ಷ ವರ್ಷ ವರದಿಯಲ್ಲಿ ಅಚ್ಚು ಹಾಕಿಸಿ ನೆನಪಿಸುತ್ತಾರೆ.

ನಮ್ಮದು ತುಮ್ಮನಟ್ಟಿಯ ಆಚೆಯ ಒಂದು ಸಣ್ಣ ಹಟ್ಟಿ. ಮಿಷನ್ನಿನ ಉಪದೇಶಿ ಬಂದು ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿ ಮರಳಿನಲ್ಲಿ ತಿದ್ದಿಸುತ್ತಿದ್ದರು. ಹುಡುಗಿಯರಲ್ಲಿ ನಾನೊಬ್ಬಳೇ ಎದ್ದು ಹೋಗದೆ ಕೂತವಳು. ಹದಿನಾರಕ್ಕೆ ಮದುವೆಯ ಮಾತು ಬಂದಾಗ ಬಂಗಲೆಗೆ ಹೋಗಿ ಸೇರಿಕೊಂಡೆ, ದೀಕ್ಷಾಸ್ನಾನವೂ ಆಯಿತು. ಸತ್ಯಕ್ಕಾಗಿ ಹೋದೆ ಎಂದು ಸಭೆಯಲ್ಲಿ ಸಾಕ್ಷಿ ಹೇಳಿದ್ದೇನೆ; ಪುಸ್ತಕಕ್ಕಾಗಿ ಹೋದೆ ಎಂಬುದೂ ಅಷ್ಟೇ ನಿಜ. ಮೂರು ತಿಂಗಳಲ್ಲಿ ಬೂಟ್ಸು ಹಾಕಿ ನಡೆಯಲು ಕಲಿತೆ. ಕಾಲೆಲ್ಲ ಬೊಬ್ಬೆ ಎದ್ದಿದ್ದನ್ನು ಯಾರಿಗೂ ತೋರಿಸಲಿಲ್ಲ. ದೊರೆಸಾನಿಯ ಹಾಗೆ ಕನ್ನಡವನ್ನು ಹಲ್ಲಿನ ನಡುವೆ ಹಿಡಿದು ಮಾತಾಡುತ್ತಿದ್ದೆ ಎಂದು ಗೆಳತಿಯರು ಇವತ್ತಿಗೂ ಆಡಿಕೊಳ್ಳುತ್ತಾರೆ. ಅತ್ತ ಅಪ್ಪ, ನನ್ನ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು ಕಟ್ಟಪ್ಪಣೆ ಮಾಡಿದ್ದ.

ಮೂರು ವರ್ಷ ಹಾಗೆಯೇ ಕಳೆಯಿತು. ಒಂದು ಮಂಗಳವಾರ ಊಟಿಯ ಸಂತೆಗೆ ಬಂದ ಅವ್ವೆ ಬಂಗಲೆಯ ಗೇಟಿನಾಚೆ ಮರದಡಿ ನಿಂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. "ಒಳ್ಳಂಗೆ ಇದ್ದಿಯಾ, ಅಮ್ಮಿ?" ಎಂದು ಕೇಳಿದಳು. ಅಮ್ಮಿ ಎಂದರೆ ನಮ್ಮಲ್ಲಿ ಮುದ್ದಿನ ಹುಡುಗಿ. ನನ್ನ ಬೂಟ್ಸನ್ನೇ ನೋಡುತ್ತ ನಿಂತಿದ್ದು ಹೊರಟುಹೋದಳು. ಅಲ್ಲಿಂದ ಮುಂದೆ ಪ್ರತಿ ಸಂತೆಗೂ ಬರುತ್ತಿದ್ದಳು, ಅಪ್ಪನಿಗೆ ತಿಳಿಯದ ಹಾಗೆ.

ಆಗಿನ ದೊರೆಸಾನಿ, ಅಂದರೆ ಹಳೆಯವರು, ಇದನ್ನು ವರಾಂಡದಿಂದ ನೋಡಿದರು. ಊಟಿಯಿಂದ ಫೋಟೋ ತೆಗೆಯುವವನನ್ನು ಕರೆಸುತ್ತೇನೆ, ತಾಯಿ ಮಗಳ ಚಿತ್ರ ತೆಗೆಸೋಣ ಎಂದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವ್ವೆಗೆ ಹೇಳಿದೆ: ನಾವಿಬ್ಬರೂ ಒಟ್ಟಿಗೆ ನಿಂತ ಚಿತ್ರ ಆಗುತ್ತದೆ, ಒಂದನ್ನು ನೀನು ಇಟ್ಟುಕೊಳ್ಳಬಹುದು, ಒಳ್ಳೆಯ ಬಟ್ಟೆ ಉಟ್ಟು ಬಾ. ಎರಡು ಸಂತೆ ಯೋಚಿಸಿ ಒಪ್ಪಿದಳು.

ಬಂದಳು. ಒಗೆದು ಬಿಸಿಲಿಗೆ ಹಾಕಿದ ಬಿಳಿಯ ಮುಂಡು, ತಲೆಗೆ ಬಿಗಿದ ಬಿಳಿಯ ವಸ್ತ್ರ, ಕೈತುಂಬ ಬೆಳ್ಳಿಬಳೆ, ಮೂಗಿನಲ್ಲಿ ಮೂಗುತಿ. ಮೊದಲ ಬಾರಿಗೆ ಗೇಟು ದಾಟಿ ಒಳಗೆ ಕಾಲಿಟ್ಟಳು. ದೊರೆಸಾನಿ ಅವಳನ್ನು ಮೇಲಿಂದ ಕೆಳಗೆ ನೋಡಿ ಮುಖ ಸಣ್ಣದು ಮಾಡಿದರು. ಇಷ್ಟು ಚೊಕ್ಕಟವಾಗಿದ್ದರೆ ನಮ್ಮ ದೇಶದವರು ನೋಡಿ ಕನಿಕರಪಡುವುದು ಹೇಗೆ ಎಂದು ನನ್ನನ್ನು ಕೇಳಿದರು. ನನ್ನನ್ನೇ ಕೇಳಿದರು! ಹಳೆಯ ಗೋಣಿ ಹೊದಿಸು, ದನದ ಕೊಟ್ಟಿಗೆಯ ಮುಂದೆ ನಿಲ್ಲಿಸು, ತಲೆವಸ್ತ್ರ ತೆಗೆಸು, ಆ ಒಡವೆಗಳನ್ನೆಲ್ಲ ಕಳಚಿಸು ಎಂದರು.

ಗಂಡ ಸತ್ತಾಗ ಮಾತ್ರ ನಮ್ಮ ಹೆಂಗಸರ ಮೂಗುತಿ ಇಳಿಯುತ್ತದೆ. ಹಟ್ಟಿಯ ಹೆಣ್ಣುಮಗುವಿಗೂ ಇದು ಗೊತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮೂಢನಂಬಿಕೆಯ ಮೇಲೆ ಪ್ರಬಂಧ ಬರೆದು ಬಹುಮಾನ ಪಡೆದ ಹುಡುಗಿ ನಾನು. ಅದೇ ಹಳೆಯ ಭಯವನ್ನು ದೊರೆಸಾನಿಯ ಎದುರು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಅವ್ವೆಯ ಕಡೆ ತಿರುಗಿ, ಕಳಚು ಎಂದೆ. ದೊರೆಸಾನಿಗೆ ಕನ್ನಡ ಬಂದರೂ ನಮ್ಮ ಬಡಗ ಮಾತು ಬರುತ್ತಿರಲಿಲ್ಲ. ಹೇಳಿದವಳು ನಾನು.

ಅವ್ವೆ ನನ್ನ ಮುಖವನ್ನೇ ನೋಡಿದಳು. "ನಿನ್ನ ಅಪ್ಪ ಜೀವಾಗಿ ಇದ್ದಾನ, ಅಮ್ಮಿ" ಎಂದಳು.

ಇದು ಇವರ ಪದ್ಧತಿ, ಒಂದು ಗಳಿಗೆ ಅಷ್ಟೆ, ಆಮೇಲೆ ಹಾಕಿಕೊಳ್ಳಬಹುದು ಎಂದೆ. ಇವರ ಮನೆಗೆ ಹೋದ ಮಗಳನ್ನು ನೋಡಬೇಕಾದರೆ ಇವರ ಶಾಸ್ತ್ರ ಮಾಡಲೇಬೇಕೆಂದು ಅವಳು ತಿಳಿದಳೋ ಏನೋ. ಗೋಡೆಯ ಕಡೆ ತಿರುಗಿ ಮೂಗುತಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗೋಣಿ ಹೊದ್ದು ಸಗಣಿಯ ಗುಡ್ಡೆಯ ಪಕ್ಕ ನಿಂತಳು. ಆಮೇಲೆ ನನ್ನ ಸರದಿ: ಗಂಜಿ ಹಾಕಿದ ಜಾಕೀಟು, ಕೈಯಲ್ಲಿ ಸತ್ಯವೇದ, ಹಿಂದೆ ದೊರೆಸಾನಿಯ ಗುಲಾಬಿ ಗಿಡ. ಅಷ್ಟಾಗುತ್ತಲೇ ಫೋಟೋದವನು ಕರಿಯ ಬಟ್ಟೆ ಮಡಚಿದ. ಅವ್ವೆ ದೂರದಲ್ಲಿ ಒಡವೆಗಳನ್ನೆಲ್ಲ ಮತ್ತೆ ಹಾಕಿಕೊಂಡು, ತಲೆವಸ್ತ್ರ ನೆಟ್ಟಗೆ ಮಾಡಿಕೊಂಡು ಕಾಯುತ್ತಿದ್ದಳು. "ನಾನೂ ನೀನೂ ಕೂಡಿ ನಿಲ್ಲೋದು ಎಂದು?" ಎಂದು ಕೇಳಿದಳು. ಇನ್ನೊಂದು ದಿನ ಎಂದು ಸುಳ್ಳು ಹೇಳಿ ಕಳಿಸಿದೆ.

ಆ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಎರಡು ದಿನದ ಜ್ವರ. ಹೋಗಲು ಅಪ್ಪಣೆ ಕೇಳಿದರೆ, ಅದು ಅಜ್ಞಾನಿಗಳ ಕರ್ಮ, ನೀನು ಅಲ್ಲಿ ನಿಲ್ಲಬಾರದು ಎಂದು ಪಾದ್ರಿಯವರು ನನ್ನನ್ನು ಮೊಣಕಾಲೂರಿಸಿ ಪ್ರಾರ್ಥಿಸಿದರು. ಎದುರು ಗುಡ್ಡದಿಂದ, ನಮ್ಮ ಸಾವುಗಳಿಗೆ ಬಂದು ನುಡಿಸುವ ಕೋತರ ವಾದ್ಯ ಕೇಳಿಸುತ್ತಿತ್ತು. ನಾನು ಎರಡನೆಯ ತರಗತಿಗೆ ಮಗ್ಗಿ ಹೇಳಿಸುತ್ತಿದ್ದೆ. ಅಲ್ಲಿ ನಡೆದದ್ದನ್ನು ಚಿಕ್ಕಪ್ಪನ ಮಗಳು ಆಮೇಲೆ ಹೇಳಿದಳು. ನಮ್ಮ ಸಾವಿನಲ್ಲಿ ಹಟ್ಟಿಯ ಹಿರಿಯ, ಸತ್ತವನು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಎತ್ತಿ ಹೇಳುತ್ತಾನೆ. ಸುತ್ತ ನಿಂತವರು ಅದು ಕಳೆಯಲಿ ಎಂದು ದನಿಗೂಡಿಸುತ್ತಾರೆ. ಮೂಗುತಿ ಇಳಿಸಲು ಹೆಂಗಸರು ಬಂದಾಗ, ಇದು ಎರಡನೆಯ ಸಲ ಎಂದು ಅವ್ವೆ ತಾನಾಗಿಯೇ ಹೇಳಿಬಿಟ್ಟಳಂತೆ. ಹೆಣದ ಮುಂದೆ ಮುಚ್ಚಿಡಲು ಅವಳಿಗೆ ಆಗಲಿಲ್ಲ. ಆ ಹಿರಿಯನ ಮುಂದೆ ಕೈಮುಗಿದು, "ಎನ್ನ ತಪ್ಪು ಒಂದು ಉಂಟು, ಅದನ್ನೂ ಸೇರಿಸಿ" ಎಂದಳಂತೆ. ಬದುಕಿರುವವರ ತಪ್ಪು ಅದರಲ್ಲಿ ಸೇರುವುದಿಲ್ಲ ಎಂದನಂತೆ ಹಿರಿಯ.

ಗಂಡನನ್ನು ತಿಂದವಳು ಎಂಬ ಮಾತು ಅಂದಿನಿಂದ ಅವಳ ಬೆನ್ನು ಬಿಡಲಿಲ್ಲ. ಮೂಗುತಿ ತೆಗೆದರೆ ಗಂಡಸು ಸಾಯುವುದಿಲ್ಲ. ಇದನ್ನು ನಾನು ನೂರಾರು ಮಕ್ಕಳಿಗೆ ಕಲಿಸಿದ್ದೇನೆ, ಈಗಲೂ ಕಲಿಸಬಲ್ಲೆ. ಆದರೆ ಅವಳು ಸಾಯುವವರೆಗೆ, ಹನ್ನೊಂದು ವರ್ಷ, ಅವಳ ಒಲೆಯ ಮುಂದೆ ಯಾರೂ ಕೂತು ಉಣ್ಣಲಿಲ್ಲ, ಅದಕ್ಕೆ ಯಾವ ಪಾಠ ಹೇಳಲಿ? ಹಟ್ಟಿಯವರ ಮೇಲೂ ನನಗೆ ಸಿಟ್ಟಿದೆ. ಅವ್ವೆ ಬಂಗಲೆಯ ಗೇಟಿನ ಕಡೆ ಬರುವುದನ್ನು ಬಿಟ್ಟಿದ್ದಳು; ಸಂತೆಯ ದಾರಿಯಲ್ಲಿ ಒಮ್ಮೆ ಅವಳ ಹಿಂದೆ ಓಡಿ ಹೋಗಿ ನಿಲ್ಲಿಸಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಆ ಚಿತ್ರ ಬಂತಾ?" ಎಂದು ಮಾತ್ರ ಕೇಳಿದಳು. ಇಲ್ಲ ಎಂದೆ. ಅದೇ ಕಡೆಯ ಮಾತು. ಚಿತ್ರ ಆಗಲೇ ಹಡಗು ಹತ್ತಿ ಹೋಗಿ, ಎಲ್ಲೆಲ್ಲೋ ಕತ್ತಲೆ ಮಾಡಿದ ಸಭಾಂಗಣಗಳಲ್ಲಿ ಜನರನ್ನು ಅಳಿಸಿ, ವಾಪಸು ಬಂದು ನಮ್ಮ ತಲೆಯ ಮೇಲಿನ ಅಟ್ಟವನ್ನೇ ಸೇರಿತ್ತೆಂದು ಕಳೆದ ಬುಧವಾರ ತಿಳಿಯಿತು. ಎರಡು ಗಾಜನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದೆ. ನನ್ನ ಹಿಂದಿನ ಗುಲಾಬಿ ಗಿಡ ಅವ್ವೆಯ ಮುಖವನ್ನು ಮುಚ್ಚಿತು.

ಶುಕ್ರವಾರ ಬಂಗಲೆಗೆ ಹೋಗಿ ಇದನ್ನೆಲ್ಲ ಹೇಳಿ, ಆ ಗಾಜುಗಳನ್ನು ನನಗೇ ಬಿಟ್ಟುಕೊಡಿ ಎಂದು ಕೇಳಿದೆ. ಹೊಸ ದೊರೆಸಾನಿ ಚಿಕ್ಕವಳು, ಕಣ್ಣಲ್ಲಿ ನೀರು ತಂದುಕೊಂಡಳು. ಅಡಿಬರಹವನ್ನು ಮೆತ್ತಗೆ ಬರೆಯಿರಿ ಎಂದಳು. ಆದರೆ ಗಾಜು ಮಿಷನ್ನಿನ ಸೊತ್ತು, ಕಮಿಟಿ ಒಪ್ಪದೆ ಕೊಡುವ ಹಾಗಿಲ್ಲವಂತೆ. ಶನಿವಾರ ತಂದೊಪ್ಪಿಸುತ್ತೇನೆ ಎಂದು ಬಂದೆ. ಒಪ್ಪಿಸಲಿಲ್ಲ. ಒಪ್ಪಿಸುವುದೂ ಇಲ್ಲ.

ನಿನ್ನೆ ಭಾನುವಾರ. ಎಲ್ಲರೂ ಎದ್ದು ಒಟ್ಟಾಗಿ ಪಾಪದ ಅರಿಕೆ ಹೇಳುವಾಗ ನಾನು ಬಾಯಿ ತೆರೆಯಲಿಲ್ಲ. ನನ್ನ ಹತ್ತಿರ ಓದಿದ ಹುಡುಗನೇ ಈಗ ಸಭಾಪಾಲಕ. ವೇದಿಕೆಯಿಂದ ನನ್ನನ್ನು ಗಮನಿಸಿದ, ನಾನೂ ಕಣ್ಣು ತಗ್ಗಿಸದೆ ನೋಡಿದೆ. ನಾನು ಕ್ಷಮೆ ಕೇಳಬೇಕಾದವಳು ಅಲ್ಲಿರಲಿಲ್ಲ. ಅವಳು ಆ ಗೇಟು ದಾಟಿ ಒಳಗೆ ಬಂದಿದ್ದು ಒಂದೇ ಸಲ, ನನ್ನ ಮಾತು ನಂಬಿ.