ಎಡಗಡೆಯ ಕಿಂಡಿ

ನ್ಯಾಮತಿಯ ಕಲ್ಲೇಶಪ್ಪನವರಿಗೆ ತಮ್ಮ ಹಳೇ ಕಾರಿನ ಕೆಮ್ಮು ನೆಗಡಿಗಳೆಲ್ಲ ಬಾಯಿಪಾಠ. ಕಿರ್ ಎಂದರೆ ಫ್ಯಾನ್ ಬೆಲ್ಟು, ಕಮಟು ವಾಸನೆ ಬಂದರೆ ಎ.ಸಿ. ಫಿಲ್ಟರು. ದಾರಿಯಲ್ಲಿ ಯಾರದೇ ಕಾರು ಕೆಟ್ಟು ನಿಂತಿರಲಿ, "ಮೊದ್ಲು ಅದ್ರ ಕಷ್ಟ ಕೇಳ್ರಿ" ಎನ್ನುತ್ತ ಬಾನೆಟ್ಟಿಗೆ ಕಿವಿಯಿಟ್ಟು, ರೋಗ ಹೇಳಿಯೇ ಮುಂದೆ ಹೋಗುವುದು; ಹೀಗಾಗಿ ಯಾವ ಮದುವೆಗೆ ಹೋದರೂ ಅವರಿಗೆ ಸಿಗುವುದು ಕೊನೇ ಪಂಕ್ತಿಯೇ. ಹೆಂಡತಿ ಪ್ರೇಮಲತಾ ತೀರಿಕೊಂಡ ಮೇಲೆ, ಕಾರಿಗೆ ಯಾರೇ ಹತ್ತಿದರೂ ಹಿಂದಿನ ಸೀಟಿಗೇ ಕಳಿಸುತ್ತಾರೆ. ಮೊನ್ನೆ ಹೊನ್ನಾಳಿಯ ಗ್ಯಾರೇಜಿನಲ್ಲಿ ಎ.ಸಿ.ಗೆ ಗ್ಯಾಸ್ ತುಂಬಿದ ಮುತ್ತುರಾಜ್, "ಎಡಗಡೆ ಗಾಳಿನೇ ಬರ್ತಿಲ್ಲ ಸಾರ್, ಕಿಂಡಿ ಮುಚ್ಚೈತೆ" ಎಂದು ತೆರೆಯಲು ಹೋದ. ಕಲ್ಲೇಶಪ್ಪ ಮೆಲ್ಲಗೆ ಅವನ ಕೈ ಹಿಡಿದರು. "ಇರ್ಲಿ ಬಿಡಪ್ಪ, ತಣ್ಣನೆ ಗಾಳಿ ನಮ್ಮನೆಯೋಳಿಗೆ ಆಗಾಕಿಲ್ಲ."